ಹದಿನೈದು ಅಂಕದ ತಟ್ಟೆ

ಮಾರ್ಥಾ ಕ್ಲೇರ್ ಮಾರಿಸ್ ಗಟ್ಟಿ ವಿಜ್ಞಾನಿ. ಷಿಕಾಗೋದ ರಷ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಮೀನು, ಸೊಪ್ಪು, ವಿಟಮಿನ್ ಇ, ಕೊಬ್ಬು ಇವಕ್ಕೂ ಮುಪ್ಪಿನ ಮರೆವಿಗೂ ಇರುವ ನಂಟನ್ನು ವರ್ಷಗಟ್ಟಲೆ ಹುಡುಕಿದವರು. 2020ರಲ್ಲಿ ತೀರಿಕೊಂಡರು. ಅವರ ಹೆಸರಿನ ಜೊತೆ ಇವತ್ತು ಓಡಾಡುತ್ತಿರುವುದು ಆ ತಾಳ್ಮೆಯ ಕೆಲಸವಲ್ಲ, ಮರೆವು ತಡೆಯಲೆಂದು ರೂಪಿಸಿದ ಮೈಂಡ್ ಡಯಟ್ ಎಂಬ ಪಥ್ಯದ ಪಟ್ಟಿ. ಅದಕ್ಕೆ ಸಿಕ್ಕ ಕೀರ್ತಿ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ತಕರಾರು.

ಕೀರ್ತಿಯ ಮೂಲ 2015ರ ಪ್ರಬಂಧದ ಒಂದು ಅಂಕಿ. 923 ಹಿರಿಯರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿದಾಗ 144 ಮಂದಿಗೆ ಆಲ್ಝೈಮರ್ಸ್ ಬಂದಿತ್ತು. ಹದಿನೈದು ಬಾಬತ್ತುಗಳಿಗೆ ತಲಾ ಸೊನ್ನೆ, ಅರ್ಧ ಅಥವಾ ಒಂದರಂತೆ ಊಟಕ್ಕೆ ಅಂಕ ಹಾಕಿ ಎಲ್ಲರನ್ನೂ ಮೂರು ಪಾಲು ಮಾಡಿದರು. ಮೇಲಿನ ಪಾಲಿನವರಿಗೆ ಕಾಯಿಲೆಯ ಸಂಭವ ಕೆಳಗಿನವರಿಗಿಂತ ಶೇ. 53 ಕಡಿಮೆ. ಸರಿ, ಆದರೆ ಅದೇ ಪ್ರಬಂಧದಲ್ಲಿ ಹಳೆಯ ಮೆಡಿಟರೇನಿಯನ್ ಊಟಕ್ಕೆ ಬಂದದ್ದು ಶೇ. 54! ಹಾಗಾದರೆ ಮೈಂಡಿನ ಹೆಚ್ಚುಗಾರಿಕೆಯೆಲ್ಲ ನಿಂತಿರುವುದು ನಡುವಿನ ಪಾಲಿನ ಮೇಲೆ. ಅಲ್ಲಿಯೂ ಶೇ. 35 ಇಳಿಕೆ ಕಂಡಿತು. ಮೆಡಿಟರೇನಿಯನ್ ಪಥ್ಯದಲ್ಲಾಗಲಿ, ರಕ್ತದೊತ್ತಡ ಇಳಿಸುವ ಡ್ಯಾಷ್ ಪಥ್ಯದಲ್ಲಾಗಲಿ ಅದು ಕಾಣಲಿಲ್ಲ. ಅರೆಬರೆ ಪಾಲಿಸಿದರೂ ಲಾಭ ಎಂಬ ಪ್ರಚಾರ ಹುಟ್ಟಿದ್ದು ಇಲ್ಲಿಂದ.

ಆ ನಡುವಿನ ಪಾಲು ಎಷ್ಟು ಅಗಲ ಎಂದು ಯಾರೂ ಕೇಳಲಿಲ್ಲ. ಕೆಳಗಿನವರ ಅಂಕ 6.5ಕ್ಕೆ ಮುಗಿಯುತ್ತದೆ, ನಡುವಿನವರದು 7ರಿಂದ 8, ಅಲ್ಲಿಂದಾಚೆ ಮೇಲಿನವರು. ಒಂದು ಪಾಲಿನ ಅಂಚಿಗೂ ಮುಂದಿನದರ ಅಂಚಿಗೂ ಅರ್ಧ ಅಂಕದ ದೂರ. ವಾರಕ್ಕೊಮ್ಮೆ ಕೋಳಿ ತಿನ್ನುವವರು ಎರಡು ಸಲ ತಿಂದರೆ ಆ ಅರ್ಧ ಸಿಕ್ಕಿಬಿಡುತ್ತದೆ. ತಿಂದದ್ದರ ಲೆಕ್ಕ ಕೊಟ್ಟವರೋ, ನೆನಪಿನಿಂದ ಹೇಳುವ ಹಿರಿಯರು. ಅದೂ ಮರೆವಿನ ಅಧ್ಯಯನದಲ್ಲಿ.

ಮಾರಿಸ್ ಈ ದೌರ್ಬಲ್ಯ ಬಲ್ಲವರೇ. ಅದಕ್ಕೇ ಪಥ್ಯವನ್ನು ಪ್ರಯೋಗಕ್ಕೆ ಒಡ್ಡಿದರು. ಫಲಿತಾಂಶ ಅವರು ಹೋದ ಮೇಲೆ, 2023ರಲ್ಲಿ ಬಂತು. 604 ಮಂದಿ, ಮೂರು ವರ್ಷ. ಒಂದು ಗುಂಪಿಗೆ ಮೈಂಡ್, ಇನ್ನೊಂದಕ್ಕೆ ರೂಢಿಯ ಊಟ, ಎರಡಕ್ಕೂ ದಿನಕ್ಕೆ 250 ಕ್ಯಾಲೊರಿ ಕಡಿತ. ಎರಡೂ ಕಡೆಯವರು ಸುಮಾರು ಐದು ಕಿಲೊ ಇಳಿದರು, ಎರಡೂ ಕಡೆಯವರ ಬುದ್ಧಿಶಕ್ತಿ ಪರೀಕ್ಷೆಯ ಅಂಕ ಏರಿತು. ನಡುವಿನ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು.

ಸಮರ್ಥಕರು ಆಗ ಶುರುಮಾಡಿದ ವಾದ ನನಗೆ ಫಲಿತಾಂಶಕ್ಕಿಂತ ಹೆಚ್ಚು ಬೇಸರ ತಂದಿತು. ಮೂರು ವರ್ಷ ಸಾಲದಂತೆ. ತೂಕ ಇಳಿದದ್ದರಿಂದ ಹೋಲಿಕೆಯ ಗುಂಪೂ ಲಾಭ ಪಡೆಯಿತಂತೆ. ಇರಬಹುದು. ತೂಕವೇ ಕಾರಣವಾದರೆ ಪಟ್ಟಿಯ ಬ್ಲೂಬೆರಿಗೆ ಯಾಕೆ ಸನ್ಮಾನ? ಒಂದೇ ಬಗೆಯ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದರೆ ರೂಢಿಯಿಂದಲೂ ಅಂಕ ಏರುತ್ತದೆ ಎಂಬುದಾದರೂ ನೆನಪಾಗಬೇಡವೆ? 2015ರಲ್ಲಿ ನಾಲ್ಕೂವರೆ ವರ್ಷ ಧಾರಾಳವಾಗಿ ಸಾಕಾಗಿತ್ತು. ಆಗ ಅವಧಿಯ ಬಗ್ಗೆ ಇವರ ಬಾಯಿಂದ ಚಕಾರವಿಲ್ಲ. ಇತ್ತ ಧಾನ್ಯ ಬಿಟ್ಟು ಕೊಬ್ಬು ತಿನ್ನಿ ಎನ್ನುವ ಕೀಟೋ ಪಂಥದವರು ಈ ಫಲಿತಾಂಶವನ್ನೇ ಹಿಡಿದು ಧಾನ್ಯಕ್ಕೆ ಶ್ರಾದ್ಧ ಮಾಡಲು ಹೊರಟಿದ್ದಾರೆ. ಅವರ ಕೈಯಲ್ಲಿ ಇಷ್ಟು ದೊಡ್ಡ, ಇಷ್ಟು ದೀರ್ಘ ಪ್ರಯೋಗ ಒಂದೂ ಇಲ್ಲ. ಸೋಲನ್ನೂ ನೇರವಾಗಿ ಹೇಳಬಲ್ಲ ಪ್ರಯೋಗ ಕಟ್ಟಿದ್ದೇ ಮಾರಿಸ್ ಅವರ ದೊಡ್ಡ ಕೆಲಸ ಎಂಬುದು ಈ ಎರಡು ಬಣದವರಿಗೂ ಬೇಕಾಗಿಲ್ಲ.

ಮೈಂಡಿನ ಅಂಕಪದ್ಧತಿಯನ್ನು ಬೇರೆ ನೆಲದಲ್ಲಿಟ್ಟು ನೋಡಿದರೆ ಅದರ ಗುಟ್ಟು ತಿಳಿಯುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತ, ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಹಳ್ಳಿಗರ ಮುಪ್ಪನ್ನು ಅಧ್ಯಯನ ಮಾಡುತ್ತಿದೆ. ಆ ಕಡೆಯ ಒಬ್ಬ ರೈತನ ತಟ್ಟೆಯನ್ನು ಊಹಿಸಿಕೊಳ್ಳಿ. ದಿನಕ್ಕೆ ಮೂರು ಹೊತ್ತು ರಾಗಿ, ಒಂದಂಕ. ಬಸ್ಸಾರಿನ ಸೊಪ್ಪಿಗೆ ಒಂದು, ಕಾಳಿಗೆ ಒಂದು, ತರಕಾರಿಗೆ ಒಂದು. ಚೀಸ್ ಕಂಡೇ ಇಲ್ಲ, ಬೆಣ್ಣೆ ಅಪರೂಪ, ಮಟನ್ ಹಬ್ಬಕ್ಕೆ, ಸಿಹಿ ಮದುವೆಮನೆಯಲ್ಲಿ, ಕರಿದದ್ದು ಎಂದೋ ಸಂತೆಗೆ ಹೋದಾಗ: ತಿನ್ನದೆ ಇದ್ದದ್ದಕ್ಕೇ ಐದು. ಒಟ್ಟು ಒಂಬತ್ತು. ಆಲಿವ್ ಎಣ್ಣೆ, ವೈನ್, ಬೆರಿ ಒಂದನ್ನೂ ಮುಟ್ಟದ ಈತ ಷಿಕಾಗೋದ ಮೇಲಿನ ಪಾಲಿನಲ್ಲಿ ಕೂತ!

ಅಮೆರಿಕದ ಊಟದ ಅತಿಗಳನ್ನು ಅಳೆಯಲು ಮಾಡಿದ ಅಳತೆ ಇದು, ಅಲ್ಲಿಗೆ ಅದು ಸರಿಯೇ ಇರಬಹುದು. ಈ ರೈತನೇ ನಾಳೆ ಮುದ್ದೆ ಬಿಟ್ಟು ಮೂರು ಹೊತ್ತೂ ಪಾಲಿಷ್ ಅಕ್ಕಿಯ ಅನ್ನ ಉಂಡರೆ? ರಾಗಿಯ ಒಂದಂಕ ಹೋಗುತ್ತದೆ, ಅಷ್ಟೆ. ಊಟವಾದ ಮೇಲೆ ರಕ್ತದಲ್ಲಿ ಏರುವ ಸಕ್ಕರೆ, ಅದನ್ನು ಇಳಿಸಲು ಒದ್ದಾಡುವ ಇನ್ಸುಲಿನ್, ಮೆದುಳಿನ ಸಣ್ಣ ರಕ್ತನಾಳಗಳಿಗೆ ಸಕ್ಕರೆ ಕಾಯಿಲೆ ಮಾಡುವ ಹಾನಿ, ನಮ್ಮಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು. ಹದಿನೈದು ಬಾಬತ್ತುಗಳ ಆ ಪಟ್ಟಿಯಲ್ಲಿ ಬಿಳಿ ಅನ್ನಕ್ಕೆ ಒಂದು ಸಾಲೂ ಇಲ್ಲ.