‘ಟೆಂಪಲ್’ ಮತ್ತು ಬಸದಿ: ಹಲಸಿ, ಬೆಳಗಾವಿ ಶಾಸನಗಳ ಪರಿಭಾಷೆಯ ಒಂದು ವಿಮರ್ಶೆ

ಜೈನ ಶಾಸನಗಳ ಹಾಗೂ ಹಸ್ತಪ್ರತಿಗಳ ಇಂಗ್ಲಿಷ್ ಸಾರಾಂಶಗಳಲ್ಲಿ ಜಿನಾಲಯ, ಅರ್ಹದಾಯತನ, ಚೈತ್ಯಾಲಯ, ಬಸದಿ ಎಂಬ ನಾಲ್ಕು ಶಬ್ದಗಳಿಗೂ ಬಹುಮಟ್ಟಿಗೆ ‘ಟೆಂಪಲ್’ ಎಂಬ ಒಂದೇ ಶಬ್ದವು ಪ್ರಯೋಗವಾಗುತ್ತಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಇದನ್ನು ಕೇವಲ ಅನುವಾದದ ಸೌಕರ್ಯವೆಂದು ಉಪೇಕ್ಷಿಸುವಂತಿಲ್ಲ. ದಾನವು ಯಾರಿಗೆ ಸಂದಿತು, ಯಾವ ಉದ್ದೇಶಕ್ಕಾಗಿ ಸಂದಿತು ಎಂಬ ನಿರ್ಣಯವು ಈ ಶಬ್ದಗಳನ್ನೇ ಅವಲಂಬಿಸಿದೆ. ಖಾನಾಪುರ ತಾಲ್ಲೂಕಿನ ಹಲಸಿಯ ಮತ್ತು ಬೆಳಗಾವಿ ನಗರದ ಶಾಸನಗಳನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಇಂಗ್ಲಿಷಿನ ‘ಟೆಂಪಲ್’ ಶಬ್ದದ ಮೂಲ ಲ್ಯಾಟಿನ್ನಿನ ‘ಟೆಂಪ್ಲಮ್’. ಶಕುನ ನೋಡುವುದಕ್ಕೆ ಎಲ್ಲೆ ಗುರುತಿಸಿ ಪ್ರತ್ಯೇಕಿಸಿದ ಪವಿತ್ರ ಸ್ಥಳವೆಂಬುದು ಅದರ ಪ್ರಾಚೀನಾರ್ಥ. ಅದರಲ್ಲಿ ವಾಸದ ಭಾವವಿಲ್ಲ. ‘ಮೊನಾಸ್ಟರಿ’ ಎಂಬುದು ಏಕಾಂತವಾಸವನ್ನು ಸೂಚಿಸುವ ಗ್ರೀಕ್ ಧಾತುವಿನಿಂದ ಬಂದುದು. ಇತ್ತ ‘ಬಸದಿ’ಯು ಸಂಸ್ಕೃತದ ‘ವಸತಿ’ಯ ತದ್ಭವ, ಅದರ ಮೂಲಾರ್ಥವೇ ವಾಸಸ್ಥಾನ. ‘ಚೈತ್ಯ’ವೆಂದರೆ ಜೈನ ಪರಿಭಾಷೆಯಲ್ಲಿ ಮುಖ್ಯವಾಗಿ ಜಿನಪ್ರತಿಮೆ, ಅದರ ಮನೆ ಚೈತ್ಯಾಲಯ. ಒಂದು ಶಬ್ದವು ಪ್ರತಿಮೆಯಿಂದಲೂ ಇನ್ನೊಂದು ನಿವಾಸದಿಂದಲೂ ಹೊರಟಿರುವಾಗ ಎರಡಕ್ಕೂ ‘ಟೆಂಪಲ್’ ಎಂದರೆ ಹೊರಟ ದಾರಿಗಳೇ ಅಳಿಸಿಹೋಗುತ್ತವೆ.

ಪ್ರಾಚೀನ ಪಲಾಶಿಕೆಯಾದ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು ಫ್ಲೀಟರು 1877ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯ 6ನೆಯ ಸಂಪುಟದಲ್ಲಿ ಪ್ರಕಟಿಸಿದರು. ಮೃಗೇಶವರ್ಮನು ತನ್ನ ತಂದೆಯ ಸ್ಮರಣಾರ್ಥವಾಗಿ ಪಲಾಶಿಕೆಯಲ್ಲಿ ಮಾಡಿಸಿದುದು ಜಿನಾಲಯ. ಆದರೆ ಅವನು ಕೊಟ್ಟ 33 ನಿವರ್ತನ ಭೂಮಿಯನ್ನು ಪಡೆದವರು ಯಾಪನೀಯ, ನಿರ್ಗ್ರಂಥ ಹಾಗೂ ಕೂರ್ಚಕ ಎಂಬ ಯತಿಸಮುದಾಯಗಳು. ಹರಿವರ್ಮನ ಒಂದು ಶಾಸನದಲ್ಲಿ ಸಿಂಹಸೇನಾಪತಿಯ ಮಗನಾದ ಮೃಗೇಶನು ಮಾಡಿಸಿದ ಕಟ್ಟಡವು ಅರ್ಹದಾಯತನವೆನಿಸಿದೆ. ಅವನದೇ ಇನ್ನೊಂದು ಶಾಸನದಲ್ಲಿ ಚೈತ್ಯಾಲಯವಿದೆ. ಅದು ಅಹರಿಷ್ಟಿ ಎಂಬ ಶ್ರಮಣಸಂಘಕ್ಕೆ ಸೇರಿದುದು, ಧರ್ಮನಂದಿ ಆಚಾರ್ಯರ ಅಧಿಕಾರಕ್ಕೆ ಒಳಪಟ್ಟುದು. ‘ಟೆಂಪಲಿಗೆ ದಾನ’ ಎಂದು ಸಂಗ್ರಹಿಸಿದರೆ ಈ ಸಂಘಗಳು ಹಿನ್ನೆಲೆಗೆ ಸರಿಯುತ್ತವೆ.

ಇವೆಲ್ಲಕ್ಕಿಂತಲೂ ಗಮನಾರ್ಹವಾದುದು ರವಿವರ್ಮನ ಶಾಸನ. ಕಾರ್ತಿಕ ಮಾಸದಲ್ಲಿ ಜಿನೇಂದ್ರನ ಮಹಿಮೆಯನ್ನು ಎಂಟು ದಿನ ನಡೆಸಬೇಕೆಂದು ವಿಧಿಸುವ ಅದೇ ಶಾಸನವು, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ಸಲ್ಲಬೇಕೆಂದೂ ವಿಧಿಸುತ್ತದೆ. ಖಾನಾಪುರದ ಮಲೆಸೀಮೆಯ ಮಳೆಯನ್ನು ಬಲ್ಲವರಿಗೆ ವರ್ಷಾವಾಸದ ಅರ್ಥವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಪೂಜೆ ಮತ್ತು ಯತಿವಾಸಗಳೆರಡೂ ಒಂದೇ ಶಾಸನದಲ್ಲಿ ಪ್ರತ್ಯೇಕವಾಗಿ ಉಕ್ತವಾಗಿವೆ. ‘ಟೆಂಪಲ್’ ಶಬ್ದವು ಮೊದಲನೆಯದನ್ನು ತಿಳಿಸುತ್ತದೆ, ಎರಡನೆಯದನ್ನು ತಿಳಿಸಲಾರದು.

ಈ ಭೇದವು ಕೇವಲ ಕೋಶಕಾರರ ಕಲ್ಪನೆಯಲ್ಲವೆಂಬುದಕ್ಕೆ ಶ್ವೇತಾಂಬರ ಪರಂಪರೆಯಲ್ಲಿಯೂ ಪ್ರಬಲವಾದ ಆಧಾರವಿದೆ. 11ನೆಯ ಶತಮಾನದಲ್ಲಿ ಗುಜರಾತಿನ ಅಣಹಿಲಪಾಟಣದಲ್ಲಿ ಜಿನೇಶ್ವರಸೂರಿಗಳು ಚೈತ್ಯವಾಸಿಗಳನ್ನು ವಾದದಲ್ಲಿ ಗೆದ್ದರೆಂದು ಖರತರಗಚ್ಛದ ಸಂಪ್ರದಾಯ ಹೇಳುತ್ತದೆ. ಮುನಿಗಳು ಚೈತ್ಯದಲ್ಲಿ ನೆಲೆಸಬಾರದು, ಗೃಹಸ್ಥರು ಒದಗಿಸಿದ ವಸತಿಯಲ್ಲಿ ತಂಗಬೇಕು ಎಂಬುದೇ ಆ ವಾದದ ಸಾರ. ಅಲ್ಲಿ ಚೈತ್ಯ ಮತ್ತು ವಸತಿ ಪರಸ್ಪರ ವಿರುದ್ಧ ಪದಗಳು. ಎರಡಕ್ಕೂ ‘ಟೆಂಪಲ್’ ಎಂದರೆ ಆ ವಿವಾದವೇ ಅರ್ಥಶೂನ್ಯವಾಗುತ್ತದೆ.

ಆದರೆ ವ್ಯುತ್ಪತ್ತಿಯೊಂದನ್ನೇ ಪ್ರಮಾಣವಾಗಿಟ್ಟುಕೊಂಡು, ಬಸದಿ ಎಂದಲ್ಲೆಲ್ಲ ಮುನಿನಿವಾಸವನ್ನು ಊಹಿಸುವುದೂ ದೋಷವೇ. ಶಬ್ದದ ಹುಟ್ಟು ಬೇರೆ, ಬಳಕೆ ಬೇರೆ. ಆಬೂ ಪರ್ವತದ ವಿಮಲವಸಹಿಯ ಹೆಸರಿನಲ್ಲಿಯೂ ಇದೇ ವಸತಿ ಶಬ್ದವಿದೆ. ಅದು ಆದಿನಾಥನ ಮಂದಿರ. ಬೆಳಗಾವಿಯ ನಿದರ್ಶನವೂ ಇದನ್ನೇ ಸಮರ್ಥಿಸುತ್ತದೆ. ರಟ್ಟರ 4ನೆಯ ಕಾರ್ತವೀರ್ಯನ ಕಾಲದಲ್ಲಿ ಬೀಚಣನು ವೇಣುಗ್ರಾಮದಲ್ಲಿ ಮಾಡಿಸಿದುದು ರಟ್ಟಜಿನಾಲಯ. ಅಲ್ಲಿಯ ಆಚಾರ್ಯರು ಶುಭಚಂದ್ರ ಭಟ್ಟಾರಕರು. 1204ರ ಈ ದಾನಗಳನ್ನು ತಿಳಿಸುವ ಶಿಲಾಶಾಸನಗಳು ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದವು. ಬಾರ್ನೆಟ್ಟರು ಅವುಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ಸಂಪಾದಿಸಿದರು. ಕೋಟೆಯೊಳಗಿನ ನೇಮಿನಾಥ ಜಿನಾಲಯವನ್ನೇ ಸಾಮಾನ್ಯವಾಗಿ ರಟ್ಟಜಿನಾಲಯವೆಂದು ಗುರುತಿಸಲಾಗುತ್ತದೆ. ಛಾವಣಿಯ ಕಮಲದಿಂದಾಗಿ ಜನರ ಬಾಯಲ್ಲಿ ಅದು ಕಮಲ ಬಸದಿ. ಶಾಸನದ ‘ಜಿನಾಲಯ’ವೂ ಜನರ ‘ಬಸದಿ’ಯೂ ಇಲ್ಲಿ ಒಂದೇ ಕಟ್ಟಡ. ಇದನ್ನು ‘ಟೆಂಪಲ್’ ಎಂದರೆ ತಪ್ಪಾಗದು. ಆದರೆ ಕಮಲ ಬಸದಿಗೆ ಒಪ್ಪಿದುದು ಹಲಸಿಯ ಎಲ್ಲ ಶಾಸನಗಳಿಗೂ ಒಪ್ಪುತ್ತದೆಂದು ಭಾವಿಸಬಾರದು.

ಹಸ್ತಪ್ರತಿಸೂಚಿಗಳ ವಿಷಯದಲ್ಲಿ ಈ ವಿವೇಚನೆ ಇನ್ನಷ್ಟು ಅವಶ್ಯಕ. ಪ್ರತಿಯು ಇಂಥ ತೀರ್ಥಂಕರರ ಚೈತ್ಯಾಲಯದಲ್ಲಿ ಲಿಖಿತವಾಯಿತೆಂದು ಲಿಪಿಕಾರರು ಪುಷ್ಪಿಕೆಯಲ್ಲಿ ಹೇಳುವುದುಂಟು. ಸೂಚಿಕಾರನು ಅಲ್ಲಿ ‘ಟೆಂಪಲ್’ ಎಂದಷ್ಟೇ ಬರೆದರೆ, ಅದು ಚೈತ್ಯಾಲಯವೋ, ಬಸದಿಯೋ, ಮಠವೋ ಎಂಬುದನ್ನು ಮೂಲಪ್ರತಿಯನ್ನು ಕಾಣಲಾರದ ಸಂಶೋಧಕನು ತಿಳಿಯುವುದೆಂತು? ಮುನಿಗಳು ಎಲ್ಲಿ ನೆಲೆಸಿದ್ದರು, ಶಾಸ್ತ್ರಗಳು ಎಲ್ಲಿ ಪ್ರತಿಯಾದವು ಎಂಬ ಇತಿಹಾಸದ ಸಾಧನವೇ ಅವನ ಕೈತಪ್ಪುತ್ತದೆ.

ಆದುದರಿಂದ ಮೂಲಶಬ್ದವನ್ನು ಇದ್ದಂತೆಯೇ ಉಳಿಸಿ, ದಾನವನ್ನು ಸ್ವೀಕರಿಸಿದವರು ಯಾರು, ಉದ್ದೇಶವೇನು, ವಾಸದ ಉಲ್ಲೇಖವಿದೆಯೇ ಎಂಬುದನ್ನು ಪಾಠದಿಂದಲೇ ನಿರ್ಣಯಿಸಿ, ಅನಂತರ ಇಂಗ್ಲಿಷ್ ಅರ್ಥವನ್ನು ಕೊಡುವುದು ಯುಕ್ತ. ಪಾಠವು ಮೌನವಾಗಿರುವಲ್ಲಿ ಅನುವಾದವೂ ಮೌನವಾಗಿರತಕ್ಕದ್ದು.