ಗಾಳಿ ಸೀಳಿದವರ ಪಾಲು

ಮುಂದಿನವನ ಹಿಂದಿನ ಗಾಲಿಗೆ ಗೇಣು ದೂರದಲ್ಲಿ ಅಂಟಿಕೊಂಡು ಸೈಕಲ್ ತುಳಿಯುವ ಡ್ರಾಫ್ಟಿಂಗ್ ಪದ್ಧತಿಯನ್ನು ಕಳ್ಳಾಟ ಎನ್ನುವವರು ಈಗಲೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ರಸ್ತೆ ರೇಸಿನ ಜೀವಾಳವೇ ಅದು. ಸಮತಟ್ಟಾದ ದಾರಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವನ ಶ್ರಮದಲ್ಲಿ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಬರ್ಟ್ ಬ್ಲಾಕನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 121 ಸವಾರರ ದಟ್ಟ ಗುಂಪಿನ ಒಡಲಲ್ಲಿ ಇರುವವನಿಗೆ ತಾಗುವ ಗಾಳಿಯ ತಡೆ ಒಂಟಿ ಸವಾರನಿಗೆ ತಾಗುವುದರಲ್ಲಿ ಶೇ. 5ರಿಂದ 10ರಷ್ಟು ಮಾತ್ರ. ಇಷ್ಟು ದೊಡ್ಡ ಲಾಭವನ್ನು ನಿಯಮದಿಂದ ಅಳಿಸಲಾಗದು.

ಟೂರ್ ಡಿ ಫ್ರಾನ್ಸ್ ಕಟ್ಟಿದ ಆನ್ರಿ ದೆಗ್ರಾಂಜ್ ಅಳಿಸಲು ಹೊರಟಿದ್ದರು. ಗುಂಪಿನಲ್ಲಿ ಅಡಗಿ ಬರುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. 1927ರಲ್ಲಿ ಬಹುತೇಕ ಹಂತಗಳಲ್ಲಿ ಒಂದೊಂದು ತಂಡವನ್ನೂ ಬೇರೆ ಬೇರೆ ಹೊತ್ತಿಗೆ ಹೊರಡಿಸಿದರು. ಯಾರು ಯಾರಿಗಿಂತ ಮುಂದಿದ್ದಾರೆಂದು ದಾರಿಬದಿಯ ಜನರಿಗೆ ತಿಳಿಯುವುದೇ ಕಷ್ಟವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಕ್ರಮ ಬಹುಮಟ್ಟಿಗೆ ಹಿಂದೆ ಸರಿಯಿತು.

ಟೂರ್ ಸವಾರ ಯೋಪ್ ಝೂಟಮೆಲ್ಕ್‌ಗೆ ಅಂಟಿದ ಅಪವಾದವನ್ನೂ ನಾನು ಒಪ್ಪುವುದಿಲ್ಲ. ಅಂದಿನ ಅಗ್ರ ಸವಾರ ಎಡ್ಡಿ ಮರ್ಕ್ಸ್ ನೆರಳಲ್ಲೇ ಇರುವುದರಿಂದ ಅವರ ಮೈಗೆ ಬಿಸಿಲು ತಾಗಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಆದರೆ ಕಡಿದಾದ ಏರಿನಲ್ಲಿ ವೇಗ ಇಳಿಯುತ್ತದೆ, ಗಾಳಿಮರೆಯ ಲಾಭವೂ ಕುಗ್ಗುತ್ತದೆ. ಅಲ್ಲಿ ಮರ್ಕ್ಸ್ ಬೆನ್ನು ಬಿಡದಿರಬೇಕಾದರೆ ಸ್ವಂತ ಕಾಲಲ್ಲೇ ಕಸುವಿರಬೇಕು. ಝೂಟಮೆಲ್ಕ್ ಟೂರ್‌ನಲ್ಲಿ ಒಟ್ಟು ಆರು ಬಾರಿ ಎರಡನೆಯವರಾದರು, 1980ರಲ್ಲಿ ಗೆದ್ದೂ ತೋರಿಸಿದರು.

ನನ್ನ ತಕರಾರು ಬೇರೆಯದು. ಮರೆಯಲ್ಲಿ ಬಂದವನಿಗೆ ಗೆಲುವು, ಎದೆಯೊಡ್ಡಿ ಗಾಳಿ ಸೀಳಿದವನಿಗೆ ಏನು? ಟೂರ್‌ನಲ್ಲಿ ಗೆದ್ದವರು ಬಹುಮಾನದ ಹಣವನ್ನು ಸಂಗಡಿಗರಿಗೆ ಹಂಚುವ ರೂಢಿಯಿದೆ. ಅಷ್ಟರ ಮಟ್ಟಿಗೆ ಋಣ ತೀರುತ್ತದೆ. ಒಲಿಂಪಿಕ್ಸ್‌ನಲ್ಲಿ ಪದಕ ಒಬ್ಬರ ಕೊರಳಿಗೆ ಮಾತ್ರ. 2021ರ ಜುಲೈ 25ರಂದು ನಡೆದ ಟೋಕಿಯೊ ಮಹಿಳಾ ರೇಸಿನಲ್ಲಿ ಆಸ್ಟ್ರಿಯಾದ ಗಣಿತಜ್ಞೆ ಆನಾ ಕೀಸನ್‌ಹೋಫರ್ ಆರಂಭದಲ್ಲೇ ಇನ್ನೂ ನಾಲ್ವರೊಡನೆ ಮುಂದೆ ಜಿಗಿದರು; ಕೊನೆಯ 40 ಕಿ.ಮೀ.ಯನ್ನು ಒಬ್ಬರೇ ತುಳಿದರು. ಹಿಂದಿನ ದೊಡ್ಡ ಗುಂಪಿನಲ್ಲಿ ಅವರಿಗಿಂತ ಹೆಸರುವಾಸಿಯಾದವರೇ ತುಂಬಿದ್ದರು. ಬೆನ್ನಟ್ಟುವ ಕೆಲಸ ಬಲಿಷ್ಠ ಡಚ್ ತಂಡದ್ದೆಂದು ಉಳಿದವರು ಕಾದರು. ತಂಡದ ಸೂಚನೆ ಕೇಳುವ ಇಯರ್‌ಫೋನ್ ಇಲ್ಲದ ರೇಸಾದ್ದರಿಂದ ಡಚ್ಚರಿಗೆ ಮುಂದೆ ಒಬ್ಬರು ಉಳಿದಿರುವುದೂ ಗೊತ್ತಿರಲಿಲ್ಲ, ನಿಜ. ಆದರೂ ತಮ್ಮ ಬಲ ಸುರಿದು ಇನ್ನೊಬ್ಬರ ಪದಕಕ್ಕೆ ದಾರಿ ಮಾಡಿಕೊಡಲು ಯಾರು ಮುಂದಾಗುತ್ತಾರೆ? ಕೀಸನ್‌ಹೋಫರ್ 75 ಸೆಕೆಂಡು ಅಂತರದಲ್ಲಿ ಗೆದ್ದರು. ಅದು ಅಪ್ಪಟ ಧೈರ್ಯದ ಗೆಲುವು. ಗುಂಪಿನ ಸೋಲಿನಲ್ಲಿ ಮಾತ್ರ ಒಲಿಂಪಿಕ್ಸ್‌ನ ಲೆಕ್ಕಾಚಾರದ ಪಾಲೂ ಇದೆ.

ಅದೇ ಒಲಿಂಪಿಕ್ಸ್‌ನ ಟ್ರ್ಯಾಕ್‌ನಲ್ಲಿ ತಂಡದ ಪರ್ಸ್ಯೂಟ್ ಇದೆ. ನಾಲ್ವರು ಸರದಿಯಂತೆ ಮುಂದೆ ಬಂದು ಗಾಳಿ ಹೊರುತ್ತಾರೆ. ಸಮಯ ಅಳೆಯುವುದು ಮೂರನೆಯ ಸವಾರ ಗೆರೆ ದಾಟಿದಾಗ. ದಣಿದು ಹಿಂದುಳಿದ ನಾಲ್ಕನೆಯವನಿಗೂ ಪದಕ ಸಲ್ಲುತ್ತದೆ. ರಸ್ತೆ ರೇಸಿನಲ್ಲೂ ಗೆದ್ದವರ ಜೊತೆಗೆ ಅವರ ಇಡೀ ತಂಡವನ್ನು ವೇದಿಕೆಗೆ ಕರೆಯಬೇಕು.