ನಗರವಾಸ್ತುವೂ ಛಾಯಾಚಿತ್ರದ ಔಚಿತ್ಯವೂ: ತುಮಕೂರು ಸೀಮೆಯ ಫೋಟೋ ನಡಿಗೆಗಳನ್ನು ಕುರಿತು

ಕ್ಯಾಮೆರಾ ಹಿಡಿದ ಹತ್ತಿಪ್ಪತ್ತು ಮಂದಿ ಒಟ್ಟುಗೂಡಿ, ಊರಿನ ಬೀದಿಗಳಲ್ಲಿ ನಡೆಯುತ್ತ ಅಲ್ಲಿಯ ಕಟ್ಟಡಗಳ ಚಿತ್ರ ತೆಗೆಯುವ ರೂಢಿ ಈಚಿನ ವರ್ಷಗಳಲ್ಲಿ ನಮ್ಮ ನಾಡಿನಲ್ಲಿಯೂ ಬೆಳೆದಿದೆ. ಅದನ್ನು ಫೋಟೋ ವಾಕ್ ಎನ್ನುತ್ತಾರೆ. ನಾವು ಇಲ್ಲಿ ಫೋಟೋ ನಡಿಗೆ ಎನ್ನೋಣ. ಬೆಂಗಳೂರಿನಲ್ಲಿ 1971ರಲ್ಲಿ ಸ್ಥಾಪಿತವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಸ್ಥೆಗಳು ಹವ್ಯಾಸಿಗಳನ್ನು ಮೊದಲೇ ಒಂದೆಡೆ ಸೇರಿಸಿದ್ದವು. ಅಮೆರಿಕದ ಸ್ಕಾಟ್ ಕೆಲ್ಬಿ ಎಂಬವರು 2008ರಲ್ಲಿ ಒಂದೇ ದಿನ ಜಗತ್ತಿನ ಹಲವು ನಗರಗಳಲ್ಲಿ ಇಂಥ ನಡಿಗೆಗಳನ್ನು ಏರ್ಪಡಿಸಿದ ಮೇಲೆ ಈ ರೂಢಿಗೆ ಹೆಚ್ಚಿನ ಪ್ರಚಾರ ದೊರೆಯಿತು. ಬೆಂಗಳೂರಿಗೆ ಸುಮಾರು 70 ಕಿಲೋಮೀಟರು ದೂರದ ತುಮಕೂರಿಗೂ ಅದರ ಗಾಳಿ ಬೀಸಿದೆ. ನಮ್ಮ ವಿದ್ಯಾರ್ಥಿಗಳು ತಂದು ತೋರಿಸಿದ ಚಿತ್ರಗಳನ್ನು ನೋಡಿ, ಒಂದೆರಡು ನಡಿಗೆಗಳಲ್ಲಿ ನಾವೂ ಜೊತೆಗೂಡಿದ ಮೇಲೆ, ಮನಸ್ಸಿನಲ್ಲಿ ಮೂಡಿದ ವಿಚಾರಗಳನ್ನು ಇಲ್ಲಿ ನಿರೂಪಿಸುತ್ತೇವೆ.

ಈ ಚಿತ್ರಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಭಾನುವಾರದ ಮುಂಜಾವು, ಬಿ. ಎಚ್. ರಸ್ತೆಯ ಬಹುಮಹಡಿಯ ಕಟ್ಟಡವೊಂದರ ಬುಡದಿಂದ ಮೇಲ್ಮುಖವಾಗಿ ಹಿಡಿದ ನೋಟ, ಗಾಜಿನ ಮೈಯಲ್ಲಿ ಪ್ರತಿಫಲಿಸಿದ ಮೋಡ, ಆಕಾಶದ ಕಡೆಗೆ ಒಂದನ್ನೊಂದು ಸಮೀಪಿಸುವ ಗೆರೆಗಳು, ಮನುಷ್ಯರ ಸುಳಿವಿಲ್ಲ. ಇವುಗಳ ಕುಶಲತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಬೆಳಕನ್ನು ಕಾದು ಹಿಡಿದ ತಾಳ್ಮೆ, ಚೌಕಟ್ಟನ್ನು ಹೊಂದಿಸಿದ ಕಣ್ಣು ಎರಡೂ ಮೆಚ್ಚತಕ್ಕವೇ. ಆದರೆ ಅಡಿಬರಹವನ್ನು ಮುಚ್ಚಿಟ್ಟು ನೋಡಿದರೆ ಆ ಕಟ್ಟಡ ತುಮಕೂರಿನದೋ ದುಬೈಯದೋ ಎಂದು ಹೇಳಲಾಗುವುದಿಲ್ಲ. ಊರನ್ನು ನೋಡುವುದಕ್ಕೆಂದು ಹೊರಟ ನಡಿಗೆ ಊರನ್ನೇ ಬಿಟ್ಟು ಹಿಂದಿರುಗಿದರೆ, ಅದರಲ್ಲಿ ಏನೋ ಕೊರತೆಯಿರಬೇಕು.

ಈ ಕೊರತೆಯನ್ನು ಅಳೆಯುವ ಅಳತೆಗೋಲಿಗೆ ನಾವು ದೂರ ಹೋಗಬೇಕಾಗಿಲ್ಲ. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನು ಕಾವ್ಯದ ಜೀವಿತವೆಂದು ಎತ್ತಿಹಿಡಿದನು. ಇದೇ ಜಿಲ್ಲೆಯ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು 1953ರಲ್ಲಿ ಪ್ರಕಟವಾದ ತಮ್ಮ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಇಂಥ ತತ್ತ್ವಗಳನ್ನು ಕನ್ನಡದ ವಿದ್ಯಾರ್ಥಿಗಳಿಗೆ ಸುಲಭವಾಗಿ ದೊರೆಯುವಂತೆ ಮಾಡಿದರು. ಒಡವೆ ಎಷ್ಟೇ ಬೆಲೆಬಾಳಲಿ, ತಕ್ಕ ಎಡೆಯಲ್ಲಿ ಇಲ್ಲದಿದ್ದರೆ ನಗೆಗೀಡು ಎಂಬುದು ಆ ತತ್ತ್ವದ ಸಾರ. ಗೆರೆ, ನೆರಳು, ಸಮತೋಲನ ಇವು ಛಾಯಾಚಿತ್ರದ ಅಲಂಕಾರಗಳು. ಅವು ಕಟ್ಟಡದ ಸ್ವಭಾವವನ್ನು ತೋರಿದಾಗ ಉಚಿತ; ಅದನ್ನು ಮರೆಸಿದಾಗ ಅನುಚಿತ. ಕಟ್ಟಡದ ಸ್ವಭಾವವಾದರೂ ಏನು? ಅದು ಯಾವ ಬಳಕೆಗಾಗಿ, ಯಾವ ಹವೆಯಲ್ಲಿ, ಯಾವ ಬೀದಿಯ ಮೇಲೆ ನಿಂತಿದೆ ಎಂಬುದೇ ಅದರ ಸ್ವಭಾವ.

ಮೊದಲು ಜನಶೂನ್ಯತೆಯನ್ನು ಪರಿಶೀಲಿಸೋಣ. 1854ರಲ್ಲಿ ಲಿನೀಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಹಳೇಬೀಡು ಮೊದಲಾದೆಡೆಯ ದೇವಾಲಯಗಳ ಚಿತ್ರ ತೆಗೆದನು. ಅಂದಿನ ವಿಧಾನದಲ್ಲಿ ಬೆಳಕು ಬಹು ಹೊತ್ತು ಒಳಗೆ ಬೀಳಬೇಕಾಗಿದ್ದುದರಿಂದ, ಅತ್ತಿತ್ತ ನಡೆದಾಡುವ ಮನುಷ್ಯನ ರೂಪು ಚಿತ್ರದಲ್ಲಿ ನಿಲ್ಲುತ್ತಿರಲಿಲ್ಲ. ಆಗಿನ ಶೂನ್ಯತೆ ಉಪಕರಣದ ಬಲವಂತ. ಈಗ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಹಾರುವ ಹಕ್ಕಿಯನ್ನೂ ಹಿಡಿಯಬಹುದು. ಆದರೂ ಹೂ ಮಾರುವವಳು ಅಂಗಡಿಯ ಜಗಲಿಯನ್ನು ಬಿಟ್ಟೇಳುವವರೆಗೆ ನಮ್ಮ ಚಿತ್ರಕಾರರು ಕಾಯುತ್ತಾರೆ. ಬಲವಂತವಾಗಿದ್ದುದು ಅಭಿರುಚಿಯಾಗಿ ಮಾರ್ಪಟ್ಟಿದೆ. ಕಟ್ಟಿದವನು ಆ ಜಗಲಿಯನ್ನು ಅಷ್ಟು ಅಗಲಕ್ಕೆ ಬಿಟ್ಟದ್ದು ಏಕೆಂಬುದು ಅವಳು ಕುಳಿತಾಗಲೇ ತಿಳಿಯುತ್ತದೆ.

ಎರಡನೆಯದು ಹೊತ್ತಿನ ಪ್ರಶ್ನೆ. ನಡುಹಗಲು ಚಿತ್ರಕ್ಕೆ ಒಗ್ಗದು ಎಂಬುದು ಹವ್ಯಾಸಿಗಳ ಪಾಠ. ಮುಖಚಿತ್ರಕ್ಕೆ ಅದು ಸಲ್ಲುವ ಮಾತೇ ಸರಿ. ಆದರೆ ತುಮಕೂರು 13 ಡಿಗ್ರಿಗಿಂತ ತುಸು ಹೆಚ್ಚಿನ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯನು ನೆತ್ತಿಗಿಂತ ಉತ್ತರಕ್ಕಿದ್ದು, ಉತ್ತರದ ಗೋಡೆಗೂ ಬಿಸಿಲು ತಾಗುತ್ತದೆ. ಅಂಗಡಿಸಾಲಿನ ಸಜ್ಜೆ, ಮೊದಲ ಮಹಡಿಯ ಕಿಟಕಿಗಳ ಮುಂದಿನ ಸಿಮೆಂಟು ಜಾಲರಿ ಇವೆಲ್ಲ ಆ ಬಿಸಿಲಿಗೆ ಒಡ್ಡಿದ ಉತ್ತರಗಳು. ಸಜ್ಜೆಯ ನೆರಳು ನೇರವಾಗಿ ಬಾಗಿಲ ಮೇಲಿಳಿಯುವುದು ನಡುಹಗಲಿನಲ್ಲಿ. ಬೆಳಗಿನ ಆರೂವರೆಗೆ ತೆಗೆದ ಚಿತ್ರದಲ್ಲಿ ಅದೇ ಸಜ್ಜೆ ಕೆಲಸವಿಲ್ಲದ ಅಡ್ಡಪಟ್ಟಿಯಾಗಿ ಕಾಣುತ್ತದೆ. ಕೆಳಗಿನ ರೋಲಿಂಗ್ ಷಟರುಗಳು ಮುಚ್ಚಿದ ಕಣ್ಣುಗಳಂತಿರುತ್ತವೆ. ಲ ಕಾರ್ಬುಸಿಯೆಯ ಚಂಡೀಗಢವನ್ನು ಚಿತ್ರಿಸಿದ ಲೂಸಿಯೆ ಎರ್ವೆ ಗಾಢವಾದ ನೆರಳನ್ನೇ ತನ್ನ ಮುಖ್ಯ ಸಾಮಗ್ರಿಯಾಗಿ ಮಾಡಿಕೊಂಡನೆಂಬುದನ್ನು ನಾವು ಇಲ್ಲಿ ನೆನೆಯಬಹುದು.

ಮೂರನೆಯದು ನಿಲುವು. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದೊಡನೆ ನೆಟ್ಟಗಿನ ಗೋಡೆಗಳು ಒಂದರ ಕಡೆಗೊಂದು ಬಾಗುತ್ತವೆ. ಫೋನುಗಳ ಅಗಲನೋಟದ ಮಸೂರಗಳಲ್ಲಿ ಅಂಚಿನ ವಸ್ತುಗಳು ಹಿಗ್ಗಿದಂತೆಯೂ ತೋರುತ್ತವೆ. ಮಸೂರವನ್ನೇ ಮೇಲಕ್ಕೆ ಸರಿಸಬಲ್ಲ ದುಬಾರಿಯ ಉಪಕರಣ ಇದಕ್ಕೆ ಪರಿಹಾರ. ಅದಿಲ್ಲದವರು ಹಿಂದೆ ಸರಿದು, ಅಥವಾ ಎದುರು ಕಟ್ಟಡದ ಮಹಡಿಯನ್ನೇರಿ, ಗೋಡೆಗೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿದರೆ ಸಾಕು. ಹೀಗೆ ಹಿಂದೆ ಸರಿದಾಗ ರಸ್ತೆ, ತಂತಿ, ಆಟೋ ನಿಲ್ದಾಣ, ಪಕ್ಕದ ಹೆಂಚಿನ ಮನೆ ಎಲ್ಲವೂ ಚೌಕಟ್ಟಿನೊಳಗೆ ಬರುತ್ತವೆ. ಇವನ್ನು ಅನೇಕರು ಕಸವೆಂದು ತಿಳಿಯುತ್ತಾರೆ. ನಾವು ಸಂದರ್ಭವೆಂದು ತಿಳಿಯುತ್ತೇವೆ.

ಹೀಗೆಂದರೆ ಜನರಿಲ್ಲದ ಚಿತ್ರವೆಲ್ಲ ಅನುಚಿತವೇ ಎಂದು ಓದುಗರು ಕೇಳಬಹುದು. ಹಾಗಲ್ಲ. ಜರ್ಮನಿಯ ಬೆರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿಗಳು 1959ರಿಂದ ದಶಕಗಳ ಕಾಲ ನೀರಿನ ಗೋಪುರಗಳನ್ನೂ ಕಾರ್ಖಾನೆಯ ಕಟ್ಟಡಗಳನ್ನೂ ಮೋಡದ ಸಮಬೆಳಕಿನಲ್ಲಿ, ಒಂದೇ ಬಗೆಯ ನಿಲುವಿನಿಂದ ಚಿತ್ರಿಸಿ ಸಾಲಾಗಿ ಜೋಡಿಸಿದರು. ಅಲ್ಲಿಯೂ ಜನರಿಲ್ಲ. ಆದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಹೋಲಿಸುವುದೇ ಉದ್ದೇಶವಾದುದರಿಂದ ಆ ಶೂನ್ಯತೆ ಉಚಿತವಾಗಿದೆ. ತುಮಕೂರು, ಗುಬ್ಬಿ, ಕುಣಿಗಲುಗಳ ಎತ್ತರದ ನೀರಿನ ಟ್ಯಾಂಕುಗಳನ್ನು ಹೀಗೆ ಸಾಲಿಟ್ಟು ನೋಡುವ ಕೆಲಸ ನಮ್ಮ ವಿದ್ಯಾರ್ಥಿಗಳ ಕೈಗೆ ಎಟುಕತಕ್ಕದ್ದು.

ಗುಬ್ಬಿ, ಕುಣಿಗಲುಗಳಲ್ಲಿ ಚಿತ್ರಿಸತಕ್ಕ ಆಧುನಿಕ ವಾಸ್ತುವೇ ಇಲ್ಲವೆಂಬ ಮಾತನ್ನು ನಾವು ಕೇಳಿದ್ದೇವೆ. ಗಾಜು ಹೊದಿಸಿದ ಗೋಪುರವೇ ಆಧುನಿಕತೆಯೆಂಬ ಭ್ರಮೆಯಿಂದ ಹುಟ್ಟಿದ ಮಾತಿದು. ಬೆಂಗಳೂರು–ಹಾಸನ ರೈಲುಮಾರ್ಗ 2017ರಲ್ಲಿ ತೆರೆದಾಗ ಕುಣಿಗಲು ರೈಲಿನ ಊರಾಯಿತು. ಕೆರೆಗೂ ಕುದುರೆಗಳಿಗೂ ಹೆಸರಾದ ಊರಿನ ಮುಖ ನಿಲ್ದಾಣದ ಕಡೆಗೆ ಹೇಗೆ ತಿರುಗುತ್ತಿದೆ ಎಂಬುದು ಆಧುನಿಕ ವಾಸ್ತುವಿನ ಪ್ರಶ್ನೆಯೇ. ಗುಬ್ಬಿಯದು ಇನ್ನೂ ಕುತೂಹಲದ ಸಂಗತಿ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಊರಿಂದೂರಿಗೆ ಸಾಗಿ, ತಾತ್ಕಾಲಿಕ ರಂಗಮಂದಿರಗಳನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿತು. ಇಂದು ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರ ತುಮಕೂರಿನಲ್ಲಿ ಸ್ಥಿರವಾಗಿ ನಿಂತಿದೆ. ಬಿಚ್ಚಿ ಸಾಗಿಸಬಹುದಾಗಿದ್ದ ರಂಗಕ್ಕೂ ಬೇರೂರಿದ ಈ ರಂಗಕ್ಕೂ ಇರುವ ಅಂತರವನ್ನು ಕಾಣಿಸಬಲ್ಲ ಚಿತ್ರವನ್ನು ನಾವು ಇನ್ನೂ ನೋಡಿಲ್ಲ. ಅದರ ಮುಂಭಾಗದ ಚಿತ್ರಗಳನ್ನು ಮಾತ್ರ ನೋಡಿದ್ದೇವೆ.

ಇದು ಕೇವಲ ಅಭಿರುಚಿಯ ಚರ್ಚೆಯಾಗಿದ್ದರೆ ಇಷ್ಟು ಬರೆಯುವ ಅವಶ್ಯಕತೆಯಿರಲಿಲ್ಲ. ಬಿ. ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಒಂದೆಡೆ ಕೂಡಿಸಿದರು. ಕೈದಾಳದ ಚೆನ್ನಕೇಶವನ ಗುಡಿಯನ್ನು ಕುರಿತು ಚರಿತ್ರಕಾರರು ಬರೆದಿದ್ದಾರೆ. ಇಪ್ಪತ್ತನೆಯ ಶತಮಾನದ ಕಟ್ಟಡಗಳ ವಿಷಯದಲ್ಲಿ ಅಂಥ ಶ್ರದ್ಧೆಯನ್ನು ನಾವು ತೋರಿಲ್ಲ. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಹಳೆಯ ಬಸ್ ನಿಲ್ದಾಣವಿದ್ದೆಡೆ ಹೊಸದು ಎದ್ದಿತು. ಎಷ್ಟೋ ಹಳ್ಳಿಯ ಹುಡುಗರು ಕಾಲೇಜಿಗೆ ಬಂದು ಮೊದಲು ಕಾಲಿಟ್ಟ ಸ್ಥಳ ಹಳೆಯ ನಿಲ್ದಾಣ. ಎಪ್ಪತ್ತರ ದಶಕದ ಕೊನೆಯಲ್ಲಿ ಆರಂಭವಾದ ಎಚ್. ಎಂ. ಟಿ. ಕೈಗಡಿಯಾರದ ಕಾರ್ಖಾನೆ 2016ರಲ್ಲಿ ಮುಚ್ಚಿತು. ಆ ನೆಲ ಮುಂದೆ ಇಸ್ರೋ ಸಂಸ್ಥೆಯ ಪಾಲಾಯಿತು. ಊರಿನ ಮಧ್ಯಮವರ್ಗದ ಎಷ್ಟೋ ಸಂಸಾರಗಳ ಅನ್ನ, ಮಕ್ಕಳ ಓದು, ಸಂಜೆಯ ಸೈಕಲ್ಲುಗಳ ಸಾಲು ಎಲ್ಲವೂ ಆ ಗೇಟಿನೊಡನೆ ಹೆಣೆದುಕೊಂಡಿದ್ದವು. ಇಂಥ ಕಟ್ಟಡಗಳು ಇದ್ದಾಗ ಯಾರಿಗೂ ಚಿತ್ರಯೋಗ್ಯವಾಗಿ ಕಾಣುವುದಿಲ್ಲ. ಹೋದ ಮೇಲೆ ಚಿತ್ರಕ್ಕಾಗಿ ಹುಡುಕುತ್ತೇವೆ.

ಇಲ್ಲಿಯೇ ಗುಂಪಿನ ಪ್ರಯೋಜನವಿದೆ. ಹದಿನೈದು ಮಂದಿ ಒಂದೆಡೆ ನಿಂತು ಹದಿನೈದು ಬಾರಿ ಒಂದೇ ಚಿತ್ರ ತೆಗೆಯುವುದು ಶ್ರಮದ ಅಪವ್ಯಯ. ಅವರಲ್ಲಿ ಒಬ್ಬನು ಎದುರುಮುಖವನ್ನು, ಒಬ್ಬಳು ಮೆಟ್ಟಿಲುಸಾಲನ್ನು, ಒಬ್ಬನು ಹಿಂಬದಿಯನ್ನು ಹಂಚಿಕೊಂಡು, ಮತ್ತೊಬ್ಬರು ವಾಚ್‌ಮನ್ನನನ್ನೂ ಅಂಗಡಿಯವರನ್ನೂ ಮಾತನಾಡಿಸಿ ಬರೆದುಕೊಂಡು, ಒಂದೇ ಕಟ್ಟಡಕ್ಕೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಬಾರಿ ಬಂದರೆ, ಒಬ್ಬನಿಂದ ಆಗದ ಕೆಲಸ ಗುಂಪಿನಿಂದ ಆಗುತ್ತದೆ. ಕಟ್ಟಡದ ಛಾಯಾಚಿತ್ರ ತೆಗೆಯುವುದೂ ಪ್ರಕಟಿಸುವುದೂ ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು 1957ರ ಕಾಯಿದೆಯ 52ನೆಯ ವಿಧಿಯಲ್ಲಿಯೇ ಇದೆ. ಆದರೆ ಒಳಗೆ ಕಾಲಿಡಲು ಒಡೆಯನ ಅಪ್ಪಣೆ, ಮುಖವನ್ನು ಹಿಡಿಯಲು ಆ ಮನುಷ್ಯನ ಒಪ್ಪಿಗೆ ಬೇಕು. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆಯಂಥ ರಕ್ಷಣಾ ನೆಲೆಗಳತ್ತ ಕ್ಯಾಮೆರಾ ತಿರುಗಿಸದಿರುವುದೇ ವಿವೇಕ.

ಹೀಗೆ ಮಾಡಿದರೆ ಕಲೆ ಹೋಗಿ ದಾಖಲೆ ಉಳಿಯುವುದೆಂಬ ಆಕ್ಷೇಪ ಬರಬಹುದು. ಹಳೆಯ ಪ್ಯಾರಿಸ್ಸಿನ ಬೀದಿಗಳನ್ನು ದಶಕಗಳ ಕಾಲ ಚಿತ್ರಿಸಿದ ಯೂಜೀನ್ ಆಜೆ ತನ್ನ ಚಿತ್ರಗಳನ್ನು ಕಲಾವಿದರಿಗೆ ಬೇಕಾಗುವ ದಾಖಲೆಗಳೆಂದೇ ಮಾರುತ್ತಿದ್ದನು. 1927ರಲ್ಲಿ ಅವನು ತೀರಿಕೊಂಡ ಮೇಲೆ ಜಗತ್ತು ಅವುಗಳಲ್ಲಿ ಕಲೆಯನ್ನು ಕಂಡಿತು. ದಾಖಲೆಯಲ್ಲಿ ಶ್ರದ್ಧೆಯಿದ್ದರೆ ಸೌಂದರ್ಯ ತಾನಾಗಿ ಹಿಂಬಾಲಿಸಬಹುದು. ಬರಿಯ ಸೌಂದರ್ಯದ ಬೆನ್ನುಹತ್ತಿದರೆ ಊರು ಕೈಜಾರುತ್ತದೆ. ಮುಂದಿನ ನಡಿಗೆಗೆ ಹೊರಡುವ ವಿದ್ಯಾರ್ಥಿಗಳು ಪ್ರತಿಯೊಂದು ಚಿತ್ರದ ಹಿಂದೆ ಕಟ್ಟಡದ ಹೆಸರು, ಬೀದಿ, ದಿನ, ಹೊತ್ತು ಈ ನಾಲ್ಕನ್ನು ಬರೆದಿಡಲಿ; ಅಧ್ಯಾಪಕರು ಅವನ್ನು ವಿಭಾಗದ ಕಪಾಟಿನಲ್ಲಿ ಕಾದಿಡಲಿ. ಇಷ್ಟಾದರೆ ನಡೆದ ಕಾಲುಗಳ ಶ್ರಮ ಸಾರ್ಥಕವೆಂದು ನಾವು ಭಾವಿಸುತ್ತೇವೆ.